ಬಿದರಿ ಪಾತ್ರೆಗಳ ಮೂಲ ಮತ್ತು ಕಾಲನಿರ್ಣಯ: ಒಂದು ವಿಮರ್ಶೆ

ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿ-ಹೂಗಳನ್ನು ಕೂಡಿಸಿದ ಹಳೆಯ ಪಾತ್ರೆಯೊಂದು ದೊರೆತಾಗ ಅದನ್ನು ‘ಬೀದರಿನದು, ಬಹಮನಿ ಕಾಲದ್ದು’ ಎಂದು ಹೆಸರಿಸಿಬಿಡುವ ಒಲವು ಸಹಜವಾದುದು. ಆದರೆ ಈ ಚಿಕ್ಕ ವಾಕ್ಯದಲ್ಲಿ ಎರಡು ಪ್ರತಿಜ್ಞೆಗಳು ಅಡಗಿವೆ: ಒಂದು ಸ್ಥಳವನ್ನು ಕುರಿತದ್ದು, ಇನ್ನೊಂದು ಕಾಲವನ್ನು ಕುರಿತದ್ದು. ಕಲೆಯ ಹೆಸರಿನಿಂದ ಮೊದಲನೆಯದನ್ನೂ ಕಲೆಯ ಹುಟ್ಟಿನ ಐತಿಹ್ಯದಿಂದ ಎರಡನೆಯದನ್ನೂ ಸಾಧಿಸಿದಂತೆ ಭಾವಿಸುವುದು ತರ್ಕಸಮ್ಮತವಲ್ಲ. ಪಾತ್ರೆಯು ತಾನೇ ನುಡಿಯುವ ಸಾಕ್ಷ್ಯವೇನು, ಆ ಸಾಕ್ಷ್ಯದ ಮಿತಿಯೇನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಬಿದರಿಯ ಲೋಹವು ಬಹುಪಾಲು ಸತುವು. ಅದರೊಡನೆ ಅಲ್ಪ ಪ್ರಮಾಣದ ತಾಮ್ರ ಸೇರಿರುತ್ತದೆ. ಎರಕ ಹೊಯ್ದು ನುಣುಪುಗೊಳಿಸಿದ ಪಾತ್ರೆಗೆ ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ತಾರವನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣು ಹಾಗೂ ನವಸಾಗರ ಬೆರೆಸಿದ ದ್ರಾವಣವನ್ನು ಲೇಪಿಸಿದಾಗ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಪಾತ್ರೆಯು ಬಿದರಿಯೇ, ಅಥವಾ ಕಪ್ಪು ಬಣ್ಣ ಬಳಿದ ಅನ್ಯಲೋಹವೇ ಎಂಬುದನ್ನು ಈ ಲಕ್ಷಣಗಳಿಂದ ನಿರ್ಣಯಿಸಬಹುದು. ಆದರೆ ಇದು ಜಾತಿನಿರ್ಣಯವೇ ಹೊರತು ಕಾಲನಿರ್ಣಯವಲ್ಲ.

ಇನ್ನು ಕಾಲದ ವಿಚಾರ. ಬಹಮನಿ ಅರಸರ ಆಶ್ರಯದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬನು ಈ ಕಲೆಯನ್ನು ತಂದನೆಂಬ ಐತಿಹ್ಯವುಂಟು. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಯ ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ 16ನೆಯ ಶತಮಾನದ ಅಲಂಕಾರವನ್ನು ಕಂಡವರಿಗೆ ಇಂತಹ ಅಭಿರುಚಿ ಆ ನಗರಕ್ಕೆ ಹೊಸದಲ್ಲವೆಂಬುದು ಮನವರಿಕೆಯಾಗುತ್ತದೆ. ಆದರೂ ಐತಿಹ್ಯವು ಕಲೆಯ ಹುಟ್ಟನ್ನು ಕುರಿತು ಹೇಳುತ್ತದೆ. ನಮ್ಮ ಕೈಯಲ್ಲಿರುವ ಪಾತ್ರೆಯನ್ನು ಕುರಿತು ಏನನ್ನೂ ಹೇಳುವುದಿಲ್ಲ. ನೆಲೆಗೊಂಡ ಆಧಾರಗಳಿಂದ ಕಾಲವನ್ನು ಗೊತ್ತುಪಡಿಸಲಾದ ಬಿದರಿ ಪಾತ್ರೆಗಳು 17ನೆಯ ಶತಮಾನಕ್ಕಿಂತ ಬಹಳ ಹಿಂದಕ್ಕೆ ಹೋಗುವುದಿಲ್ಲ.

ಉಪಯೋಗವೇ ಕಾಲವನ್ನು ಸೂಚಿಸುವ ಉತ್ತಮ ನಿದರ್ಶನವೆಂದರೆ ಹುಕ್ಕಾದ ನೀರಿನ ಪಾತ್ರೆ. ಉಳಿದುಬಂದ ಬಿದರಿಯಲ್ಲಿ ಇವುಗಳ ಸಂಖ್ಯೆ ಗಣನೀಯವಾಗಿದೆ. ಹೊಗೆಸೊಪ್ಪು ಅಮೆರಿಕದ ಬೆಳೆ. ಪೋರ್ಚುಗೀಸರ ಮೂಲಕ ದಖನ್ನಿಗೆ ಬಂದಿತು. ಅಸದ್ ಬೇಗನು ಅದನ್ನು ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ಒಯ್ದದ್ದು 1604ರ ಸುಮಾರಿನಲ್ಲಿ. ಆದುದರಿಂದ ಹುಕ್ಕಾದ ಪಾತ್ರೆಯೊಂದನ್ನು 15ನೆಯ ಶತಮಾನದ್ದೆಂದು ಕರೆಯುವುದು ಅಸಂಗತ. ಅವುಗಳ ಆಕಾರದಲ್ಲಿಯೂ ಒಂದು ಕ್ರಮವಿದೆ: ಉಂಗುರದ ಮೇಲೆ ನಿಲ್ಲಿಸುವ ದುಂಡು ಪಾತ್ರೆಗಳು ಹೆಚ್ಚಾಗಿ 17ನೆಯ ಶತಮಾನ ಮತ್ತು 18ರ ಪೂರ್ವಾರ್ಧದವು, ಅಗಲವಾದ ತಳದ, ಗಂಟೆಯಾಕಾರದವು 18ನೆಯ ಶತಮಾನದ ಮಧ್ಯಭಾಗದಿಂದ ಪ್ರಚುರವಾದವು.

ಅಲಂಕಾರದ ಸಾಕ್ಷ್ಯವೂ ಇಂತಹುದೇ. ಬೇರೆ ಬೇರೆಯಾಗಿ ನಿಂತ ಹೂಗಿಡಗಳ ಸಾಲು ಮೊಗಲ್ ಶೈಲಿಯದು. 1620ರಲ್ಲಿ ಜಹಾಂಗೀರನು ಕಾಶ್ಮೀರಕ್ಕೆ ಹೋಗಿಬಂದ ಅನಂತರ ಅದು ಪ್ರಬಲಿಸಿತು. ಆದರೆ ಇಲ್ಲೊಂದು ಎಚ್ಚರ ಅವಶ್ಯ. ಆಕಾರವಾಗಲಿ ಅಲಂಕಾರವಾಗಲಿ ವಸ್ತುವು ‘ಇದಕ್ಕಿಂತ ಹಿಂದಿನದಲ್ಲ’ ಎಂದು ಸಾಧಿಸಬಲ್ಲುದು. ‘ಇದಕ್ಕಿಂತ ಈಚಿನದಲ್ಲ’ ಎಂದು ಸಾಧಿಸಲಾರದು. ಹಳೆಯ ಮಾದರಿಗಳನ್ನು ಮುಂದಿನ ತಲೆಮಾರಿನವರು ಅನುಕರಿಸುತ್ತಲೇ ಬಂದಿದ್ದಾರೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದರಿಯು ಕಾಣಿಸಿಕೊಂಡ ಮೇಲೆ ಯುರೋಪಿನ ಮೆಚ್ಚುಗೆಯೂ ಈ ಅನುಕರಣಕ್ಕೆ ಇಂಬುಗೊಟ್ಟಿತು. ಹಾಗೆಯೇ ಮೈಮೇಲೆ ಕೊರೆದ ಹೆಸರು ಅಥವಾ ತೇದಿಯು ಒಡೆಯನೊಬ್ಬನು ಆಮೇಲೆ ಸೇರಿಸಿದ್ದೂ ಆಗಿರಬಹುದು.

ಸ್ಥಳನಿರ್ಣಯವು ಇನ್ನೂ ಕಠಿನ. ‘ಬಿದರಿ’ ಎಂಬುದು ಊರಿನ ಹೆಸರಿನಿಂದ ಬಂದ ಮಾತಾದರೂ ಕಾಲಕ್ರಮದಲ್ಲಿ ಒಂದು ವಿಧಾನದ ಹೆಸರಾಯಿತು. ಲಖ್ನೋ, ಪೂರ್ಣಿಯಾ, ಮುರ್ಶಿದಾಬಾದುಗಳಲ್ಲಿಯೂ ಈ ಕೆಲಸ ನಡೆಯಿತು. ಬೆಳ್ಳಿಯ ಚಿತ್ತಾರವು ಮೈಯಿಂದ ಉಬ್ಬಿ ನಿಂತಿದ್ದರೆ, ಅವಧದ ನವಾಬರ ಲಾಂಛನವಾದ ಮೀನು ಅದರಲ್ಲಿದ್ದರೆ, ಲಖ್ನೋವಿನ ಕಡೆಗೆ ದೃಷ್ಟಿ ಹರಿಸಬೇಕು. ಲೋಹದ ರಾಸಾಯನಿಕ ಪರೀಕ್ಷೆಯು ಈ ಪ್ರಶ್ನೆಯನ್ನು ಒಮ್ಮೆಲೆ ಬಗೆಹರಿಸುವುದೆಂಬ ನಂಬಿಕೆಯೂ ಸರಿಯಲ್ಲ. ಸತುವು ಬೀದರಿನ ನೆಲದಲ್ಲಿ ದೊರೆಯುವುದಲ್ಲ. ರಾಜಸ್ಥಾನದ ಜಾವರಿನಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬಟ್ಟಿಯಿಳಿಸುತ್ತಿದ್ದರು. ಚೀನದ ಸತುವೂ ಸಮುದ್ರಮಾರ್ಗವಾಗಿ ಬರುತ್ತಿತ್ತು. ಲೋಹದ ಮೂಲವನ್ನು ಕಂಡುಹಿಡಿದರೆ ಗಣಿ ಗೊತ್ತಾಗಬಹುದು, ಕಮ್ಮಟ ಗೊತ್ತಾಗುವುದಿಲ್ಲ. ಆದರೂ ಪರೀಕ್ಷೆಗೆ ಪ್ರಯೋಜನವಿಲ್ಲದಿಲ್ಲ: ವಿದ್ಯುದ್ವಿಭಜನೆಯಿಂದ ಸತುವನ್ನು ಶುದ್ಧಗೊಳಿಸುವ ಕ್ರಮವು ಕೈಗಾರಿಕೆಯಲ್ಲಿ ನೆಲೆಗೊಂಡದ್ದು 1915-16ರ ಸುಮಾರಿಗೆ. ಬೆರಕೆಯೇ ಇಲ್ಲದ ಅತಿಶುದ್ಧ ಸತುವು ಕಂಡುಬಂದರೆ ಪಾತ್ರೆಯ ಪ್ರಾಚೀನತೆಯನ್ನು ಶಂಕಿಸಬೇಕಾಗುತ್ತದೆ.

ಹೀಗಿರುವಲ್ಲಿ ‘ದಖನ್, ಪ್ರಾಯಶಃ ಬೀದರ, 17ನೆಯ ಶತಮಾನದ ಉತ್ತರಾರ್ಧ’ ಎಂಬ ಸಂಯಮದ ಹೆಸರುಚೀಟಿಯು ಕಾರಣಸಹಿತವಾಗಿದ್ದರೆ, ನಿರಾಧಾರವಾದ ‘ಬಹಮನಿ’ ಎಂಬ ಘನವಾದ ಮಾತಿಗಿಂತ ಬೆಲೆಯುಳ್ಳದ್ದು. ಇದರಿಂದ ಬೀದರಿನ ಕೀರ್ತಿಗೆ ಕುಂದುಂಟಾಗುವುದೆಂದು ಅಂಜಬೇಕಾಗಿಲ್ಲ. ಕುಂದುಂಟಾಗುವುದು ಬೇರೆ ಕಡೆಯಿಂದ: ಎಲ್ಲ ಪಾತ್ರೆಗಳನ್ನೂ ಐತಿಹ್ಯದ ಕಾಲಕ್ಕೆ ತಳ್ಳಿದರೆ, 17, 18, 19ನೆಯ ಶತಮಾನಗಳಲ್ಲಿ ಹೆಸರಿಲ್ಲದೆ ದುಡಿದ ಕುಶಲಕರ್ಮಿಗಳ ಸಾಧನೆ ಅಳಿಸಿಹೋಗುತ್ತದೆ. ಅಲ್ಲದೆ ಪಾತ್ರೆಯನ್ನು ಹೊಳಪಿಸಲೆಂದು ಉಜ್ಜಿ ಕಪ್ಪನ್ನು ತೆಗೆಯುವವರು ಸಾಕ್ಷ್ಯವನ್ನೇ ನಾಶಪಡಿಸುತ್ತಾರೆ. ವಿದ್ಯಾರ್ಥಿಗಳು ಮೊದಲು ಪಾತ್ರೆಯನ್ನು ಇದ್ದಂತೆಯೇ ಉಳಿಸಿ, ಅದರ ಉಪಯೋಗ, ಆಕಾರ, ಅಲಂಕಾರ, ಲೋಹ ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ಪ್ರಶ್ನಿಸಬೇಕು. ನಾಲ್ಕರ ಉತ್ತರವೂ ಒಂದಾದ ಕಡೆ ನಿರ್ಣಯವನ್ನು ಹೇಳಬಹುದು. ಒಂದಾಗದ ಕಡೆ ‘ಪ್ರಾಯಶಃ’ ಎಂಬ ಮಾತನ್ನು ಉಳಿಸಿಕೊಳ್ಳುವುದೇ ಶಾಸ್ತ್ರಮರ್ಯಾದೆ.