ಕೇಸಿನೊಳಗೆ ಬಾರದ ಮೀಟರು

ಉದ್ದಿಮೆಯ ಆಡಳಿತವನ್ನು ಕಲಿಸುವ ವಿದ್ಯಾಲಯಗಳಲ್ಲಿ ಪಠ್ಯಪುಸ್ತಕಕ್ಕಿಂತ ‘ಕೇಸ್’ ಎಂಬ ಬರಹಕ್ಕೆ ಹೆಚ್ಚಿನ ಮನ್ನಣೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 1920ರ ದಶಕದಿಂದ ಬೆಳೆದು ಬಂದ ಪದ್ಧತಿ ಇದು. 1961ರಲ್ಲಿ ಹುಟ್ಟಿದ ನಮ್ಮ ಅಹಮದಾಬಾದಿನ ಸಂಸ್ಥೆ ಆ ಶಾಲೆಯ ನೆರವಿನಿಂದಲೇ ಅದನ್ನು ಇಲ್ಲಿಗೆ ತಂದು ನೆಲೆಯೂರಿಸಿತು. ಹತ್ತಿಪ್ಪತ್ತು ಪುಟಗಳ ಕಥನ. ಒಂದು ಕಂಪನಿ, ಅದರಲ್ಲೊಬ್ಬ ದೊಡ್ಡ ಅಧಿಕಾರಿ, ಆತನ ಮುಂದೊಂದು ಇಕ್ಕಟ್ಟು, ಕೊನೆಗೆ ಅಂಕಿಅಂಶಗಳ ನಾಲ್ಕಾರು ಕೋಷ್ಟಕ. ‘ಆ ಕುರ್ಚಿಯಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ಉಪಾಧ್ಯಾಯರು ಸುಮ್ಮನಾಗುತ್ತಾರೆ, ವಿದ್ಯಾರ್ಥಿಗಳು ವಾದಿಸುತ್ತಾರೆ. ಕಥೆ, ಕಾದಂಬರಿ, ನಾಟಕಗಳ ವಿಮರ್ಶೆ ಈ ಪುಟಗಳಲ್ಲಿ ಬಂದಷ್ಟು ಈ ಬಗೆಯ ಬರವಣಿಗೆಯ ವಿಮರ್ಶೆ ಬಂದಿಲ್ಲ. ನಮ್ಮ ನಿಮ್ಮ ಮನೆಯ ಕರೆಂಟಿನ ದರಕ್ಕೂ ಈ ಕಥನಗಳಿಗೂ ಸಂಬಂಧವಿರುವುದರಿಂದ ಇದೊಮ್ಮೆ ಅದನ್ನು ಕೈಗೆತ್ತಿಕೊಂಡರೆ ತಪ್ಪಾಗಲಾರದು.

ಈಗ ಎತ್ತಿಕೊಳ್ಳಲು ಕಾರಣವೂ ಇದೆ. ಕಲ್ಲಿದ್ದಲಿನಿಂದ ಸೂರ್ಯನ ಕಡೆಗೆ, ಗಾಳಿಯ ಕಡೆಗೆ ವಿದ್ಯುತ್ ಕ್ಷೇತ್ರ ಹೊರಳುತ್ತಿದೆ. ಅದರೊಡನೆ ಮೇಲಧಿಕಾರಿಗಳನ್ನು ಹೊಸದಾಗಿ ಪಳಗಿಸುವ ತರಗತಿಗಳೂ ಹೆಚ್ಚುತ್ತಿವೆ. ಐದು ದಿನದ ಶಿಬಿರದಿಂದ ಹಿಡಿದು ಕೆಲಸ ಬಿಡದೆ ಓದುವ ವರ್ಷದ ವ್ಯಾಸಂಗದವರೆಗೆ, ಶುಲ್ಕ ಸಾವಿರಗಳಲ್ಲಿಯೂ ಉಂಟು, ಲಕ್ಷಗಳಲ್ಲಿಯೂ ಉಂಟು. ಇವುಗಳ ಸುತ್ತೋಲೆಗಳು ಸರಕಾರಿ ಕಚೇರಿಗಳಲ್ಲಿ ಮೊದಲು ಬೀಳುವುದು ನಮ್ಮಂಥ ಗುಮಾಸ್ತರ ಮೇಜಿನ ಮೇಲೆ. ಅವನ್ನು ಓದಿ ಓದಿ ನಮಗೆ ಒಂದು ಮಾದರಿ ಕಣ್ಣಿಗೆ ಕಟ್ಟಿದೆ: ಬಂಡವಾಳ ಹೊಂದಿಸುವುದು, ಕರಾರು ಬರೆಯುವುದು, ಅಪಾಯವನ್ನು ಹಂಚುವುದು, ಮುಂದಾಳುತನ. ಬಿಲ್ಲು ಕಟ್ಟುವವನು ಯಾವ ದಿನದ ಯಾವ ಗಂಟೆಗೆ ಬರುತ್ತಾನೆಂದು ಹುಡುಕಿದರೆ ಕಾಣುವುದಿಲ್ಲ.

ಮುಂಬಯಿಯ ಓದುಗರಿಗೆ ದೂರದ ಉದಾಹರಣೆ ಬೇಕಿಲ್ಲ. ಕೊಂಕಣದ ದಾಭೋಳ್ ಇದೆ. ರತ್ನಾಗಿರಿ ಜಿಲ್ಲೆಯ ಗುಹಾಗರ ತಾಲೂಕಿನಲ್ಲಿ ಅಮೆರಿಕದ ಎನ್‌ರಾನ್ ಕಂಪನಿ ಕಟ್ಟಲು ಹೊರಟ ವಿದ್ಯುತ್ ಸ್ಥಾವರದ ಒಪ್ಪಂದಕ್ಕೆ ರಾಜ್ಯದ ವಿದ್ಯುತ್ ಮಂಡಳಿ 1993ರ ಡಿಸೆಂಬರಿನಲ್ಲಿ ಸಹಿ ಹಾಕಿತು. 1995ರ ಆಗಸ್ಟಿನಲ್ಲಿ ಹೊಸ ಸರಕಾರ ಅದನ್ನು ರದ್ದು ಮಾಡಿತು. 1996ರಲ್ಲಿ ಮಾತುಕತೆಯಾಗಿ ಮತ್ತೆ ಜೀವ ಬಂತು. ಆ ವರ್ಷವೇ ಹಾರ್ವರ್ಡಿನಲ್ಲಿ ಇದು ಕೇಸ್ ಆಗಿ ಬರೆಯಲ್ಪಟ್ಟು ಆಡಳಿತ ವಿದ್ಯಾರ್ಥಿಗಳ ಕೈ ಸೇರಿತು.

ಕೇಸಿನ ಕಟ್ಟೋಣವನ್ನು ಗಮನಿಸಬೇಕು. ಕಥೆಯ ದೃಷ್ಟಿ ಕಂಪನಿಯ ಕಡೆಯದು. ಸರಕಾರ ಕರಾರು ಮುರಿದಿದೆ. ಇಷ್ಟು ಹಣ ಸಿಕ್ಕಿಕೊಂಡಿದೆ. ಈಗ ನ್ಯಾಯಾಲಯಕ್ಕೆ ಹೋಗುವುದೋ, ಕುಳಿತು ಮಾತಾಡುವುದೋ? ತರಗತಿಯ ಚರ್ಚೆಗೆ ಬಲು ಸೊಗಸಾದ ಪ್ರಶ್ನೆ. ಆದರೆ ಹೀಗೆ ಕೇಳಿದೊಡನೆ ಆ ಕರಾರು ನ್ಯಾಯವೇ, ಆ ಕರೆಂಟು ಬೇಕಿತ್ತೇ ಎಂಬ ಪ್ರಶ್ನೆ ಕಥೆಯ ಹಿನ್ನೆಲೆಗೆ ಸರಿದುಬಿಡುತ್ತದೆ. ‘ರಾಜಕೀಯ ಅಪಾಯ’ ಎಂಬ ಶೀರ್ಷಿಕೆಯ ಕೆಳಗೆ ಜನರೆಲ್ಲ ಮಳೆ ಗಾಳಿಯಂತೆ ಬಂದು ಹೋಗುತ್ತಾರೆ. ನಾಯಕನೊಬ್ಬನಿದ್ದರೆ ಉಳಿದವರು ಅಡ್ಡಿಗಳಾಗುವುದು ಕಥನದ ಗುಣ. ಕಾದಂಬರಿಕಾರ ಅದನ್ನು ಬಲ್ಲ, ಅದಕ್ಕಾಗಿ ಎರಡನೆಯ ಪಾತ್ರಕ್ಕೂ ಬಾಯಿ ಕೊಡುತ್ತಾನೆ. ಕೇಸ್ ಬರೆಯುವವರಿಗೆ ಆ ಹಂಗಿಲ್ಲ.

ಹಿನ್ನೆಲೆಗೆ ಸರಿದದ್ದೇನು? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ವಿಷಯ ಕಠಿಣವಲ್ಲ, ಕಠಿಣವಾಗಿ ಬರೆಯಲ್ಪಟ್ಟಿದೆ ಅಷ್ಟೆ. ಮುಂಬಯಿಗೆ ಒಂಟಿಯಾಗಿ ಬಂದು ಖಾನಾವಳಿಯಲ್ಲಿ ಉಂಡವರಿಗೆ ಈ ಲೆಕ್ಕ ಗೊತ್ತು. ತಿಂಗಳಿಗೆ 60 ಊಟ, 3,000 ರೂಪಾಯಿ ಮುಂಗಡ. ಅರುವತ್ತೂ ಉಂಡರೆ ಊಟಕ್ಕೆ 50 ರೂಪಾಯಿ. ಮೂವತ್ತೇ ಉಂಡರೆ ಅದೇ ಅನ್ನ, ಅದೇ ಸಾರು 100 ರೂಪಾಯಿಯದಾಗುತ್ತದೆ. ದಾಭೋಳದ ಕರಾರೂ ಹೀಗೆಯೇ. ಕರೆಂಟು ತೆಗೆದುಕೊಳ್ಳಲಿ ಬಿಡಲಿ, ಸ್ಥಾವರ ಸಿದ್ಧವಾಗಿದ್ದರೆ ಮಂಡಳಿ ನಿಗದಿತ ಶುಲ್ಕ ಕೊಡಬೇಕು; ಅದೂ ಬಹುಪಾಲು ಡಾಲರಿಗೆ ಕಟ್ಟಿದ ಶುಲ್ಕ. 1993ರಲ್ಲಿ ಡಾಲರಿಗೆ 31 ರೂಪಾಯಿಯ ಆಸುಪಾಸು ಇದ್ದದ್ದು 2001ಕ್ಕೆ 47 ಆಯಿತು. ಉರುವಲು ನಾಫ್ತಾ, ಅದರ ಬೆಲೆ ತೈಲದೊಡನೆ ಏರಿತು. ಅಗ್ಗದ ಕರೆಂಟು ಬೇರೆಡೆ ಸಿಗುವಾಗ ಮಂಡಳಿ ಇದನ್ನು ಕಡಿಮೆ ಕೊಂಡಿತು, ಕಡಿಮೆ ಕೊಂಡಷ್ಟೂ ಯೂನಿಟ್ಟಿನ ಬೆಲೆ ಹೆಚ್ಚಿತು. ಕೆಲವು ತಿಂಗಳು ಯೂನಿಟ್ಟಿಗೆ 7 ರೂಪಾಯಿಯ ಮೇಲೆ ಹೋಯಿತು. 740 ಮೆಗಾವಾಟಿನ ಮೊದಲ ಹಂತ ಶುರುವಾದದ್ದು 1999ರ ಮೇ. ಮಂಡಳಿ ಕೊಳ್ಳುವುದನ್ನು ನಿಲ್ಲಿಸಿದ್ದು 2001ರ ಮೇ. ಎರಡೇ ವರ್ಷ! 1,444 ಮೆಗಾವಾಟಿನ ಎರಡನೆಯ ಹಂತ ಅರೆಬರೆ ನಿಂತಿತು. 2001ರ ಡಿಸೆಂಬರಿನಲ್ಲಿ ಎನ್‌ರಾನ್ ತಾನೇ ದಿವಾಳಿಯೆದ್ದಿತು. ಸಾಲ ಕೊಟ್ಟವರಲ್ಲಿ ನಮ್ಮ ಬ್ಯಾಂಕುಗಳೂ ಇದ್ದವು. 2005ರಲ್ಲಿ ಕೇಂದ್ರದ ಎನ್‌ಟಿಪಿಸಿ, ಗೇಲ್ ಸಂಸ್ಥೆಗಳು ಸೇರಿ ಹೊಸ ಕಂಪನಿ ಮಾಡಿ ಅದನ್ನು ಹೊತ್ತುಕೊಳ್ಳಬೇಕಾಯಿತು.

ಇದೆಲ್ಲ ಆಮೇಲೆ ಹೊಳೆದ ಜಾಣತನವೆನ್ನುವಂತಿಲ್ಲ. ರಾಜ್ಯಕ್ಕೆ ಇಷ್ಟೊಂದು ಸತತ ವಿದ್ಯುತ್ತು ಹಿಡಿಸದು, ಉರುವಲು ದುಬಾರಿ ಎಂದು ವಿಶ್ವಬ್ಯಾಂಕು 1993ರ ಏಪ್ರಿಲಿನಲ್ಲಿಯೇ ಸಾಲಕ್ಕೆ ಒಲ್ಲೆನೆಂದಿತ್ತು. ಪುಣೆಯ ‘ಪ್ರಯಾಸ್’ ಎಂಬ ಸಣ್ಣ ಸಂಸ್ಥೆಯ ಗಿರೀಶ್ ಸಂತ್ ಮತ್ತು ಸಂಗಡಿಗರು ಕರಾರನ್ನು ಬಿಡಿಸಿ ಲೆಕ್ಕ ಹಾಕಿ 1995ರಲ್ಲಿ ಪ್ರಕಟಿಸಿದರು. ಎಂಜಿನಿಯರಿಂಗ್ ಓದಿದ ಹುಡುಗರು ಕಾಗದ ಪೆನ್ಸಿಲಿನಿಂದ ಮಾಡಬಹುದಾದ ಕೆಲಸ ಅದು. ನಮ್ಮ ಅಭಿಪ್ರಾಯದಲ್ಲಿ ಆ ಕಾಲದ ಅತ್ಯುತ್ತಮ ಆಡಳಿತ ಶಿಕ್ಷಣ ನಡೆದದ್ದು ಆ ಪುಟಗಳಲ್ಲಿ. ಸ್ಥಾವರದ ನೆರೆಯ ವೆಲ್ದೂರಿನಲ್ಲಿ ಮೀನುಗಾರರ ಹೆಂಗಸರ ಮೇಲೆ 1997ರಲ್ಲಿ ಪೋಲೀಸರ ಲಾಠಿ ಬಿದ್ದ ಸಂಗತಿ 1999ರ ಹ್ಯೂಮನ್ ರೈಟ್ಸ್ ವಾಚ್ ವರದಿಯಲ್ಲಿದೆ. ಅದನ್ನು ಯಾವ ಕೋಷ್ಟಕದಲ್ಲಿ ಬರೆಯಬೇಕೋ ತಿಳಿಯದು.

ಶಿಕ್ಷಣ ಎಂದ ಮೇಲೆ ಇನ್ನೊಂದು ಸಂಗತಿ ಹೇಳದಿರಲಾರೆವು. 1995ರಲ್ಲಿ ಎನ್‌ರಾನಿನ ಉಪಾಧ್ಯಕ್ಷೆಯೊಬ್ಬರು ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಹೇಳಿಕೆ ಕೊಟ್ಟು, ಭಾರತದವರಿಗೆ ‘ತಿಳುವಳಿಕೆ ಕೊಡುವ’ ಮತ್ತು ಯೋಜನೆಯನ್ನು ಹದಗೊಳಿಸುವ ಕೆಲಸಕ್ಕೆ ತಮ್ಮ ಕಂಪನಿ ಸುಮಾರು 2 ಕೋಟಿ ಡಾಲರು ಖರ್ಚು ಮಾಡಿತೆಂದರು. ಅಂದಿನ ದರದಲ್ಲಿ 60 ಕೋಟಿ ರೂಪಾಯಿಗೂ ಮೇಲೆ. ಇಲ್ಲಿ ಅದಕ್ಕೆ ಬೇರೆ ಅರ್ಥ ಹಚ್ಚಿ ಗದ್ದಲವೆದ್ದಿತು; ಕಂಪನಿ ನಿರಾಕರಿಸಿತು. ಆ ಗದ್ದಲವನ್ನು ನಾವು ಕೆದಕುವುದಿಲ್ಲ. ಶಬ್ದಾರ್ಥವನ್ನೇ ಹಿಡಿದರೂ ಸಾಕು: ವಿದ್ಯುತ್ತನ್ನು ಮಾರುವವನು ಕೊಳ್ಳುವವನಿಗೆ ಕೊಳ್ಳುವ ವಿದ್ಯೆ ಕಲಿಸಿದ. ಕಲಿಸಿದವರೂ ಸಾಮಾನ್ಯರಲ್ಲ. ದಾಭೋಳದ ಮಾತುಕತೆ ನಡೆಸಿದ ರೆಬೆಕಾ ಮಾರ್ಕ್ ಹಾರ್ವರ್ಡಿನ ಪದವೀಧರೆ. ಎನ್‌ರಾನಿನ ಜೆಫ್ ಸ್ಕಿಲ್ಲಿಂಗ್ ಅದೇ ಶಾಲೆಯಲ್ಲಿ 1979ರಲ್ಲಿ ಎಂಬಿಎ ಮುಗಿಸಿದವರು; 2006ರಲ್ಲಿ ವಂಚನೆಗಾಗಿ ಜೈಲು ಶಿಕ್ಷೆಗೆ ಗುರಿಯಾದವರು. ಒಬ್ಬರ ತಪ್ಪಿಗೆ ಶಾಲೆಯನ್ನು ದೂರುವುದು ಸಲ್ಲದು. ಆದರೂ ಮುಂದೇನು ಮಾಡಬೇಕೆಂದು ಕೇಳುವುದನ್ನೇ ರೂಢಿ ಮಾಡಿದ ಪದ್ಧತಿ, ಮಾಡಬಾರದ್ದು ಯಾವುದೆಂದು ಕೇಳಲು ಎಷ್ಟು ಸಮಯ ಬಿಟ್ಟಿತ್ತು ಎಂಬುದು ಕೇಳಬಹುದಾದ ಪ್ರಶ್ನೆ.

ಕರಾವಳಿಯ ಓದುಗರಿಗೆ ಕೊಜೆಂಟ್ರಿಕ್ಸ್ ನೆನಪಿರಬಹುದು. ದಾಭೋಳದಂತೆಯೇ ಶೀಘ್ರಗತಿಯ ಪಟ್ಟಿಯಲ್ಲಿದ್ದ 1,000 ಮೆಗಾವಾಟಿನ ಮಂಗಳೂರು ಯೋಜನೆ ಅದು. ವರ್ಷಗಟ್ಟಲೆ ವಾದವಿವಾದವಾಗಿ 1999ರ ಕೊನೆಗೆ ಕಂಪನಿಯೇ ಹಿಂದೆ ಸರಿಯಿತು. ಕಟ್ಟದೆ ಹೋದ ಸ್ಥಾವರದ ಮೇಲೆ ಕೇಸ್ ಬರೆಯುವವರು ಕಡಿಮೆ.

ಈಗಿನ ತರಗತಿಗಳಿಗೆ ಬರೋಣ. ಭಾಷೆ ಬದಲಾಗಿದೆ, ಹಸಿರು, ಪರಿವರ್ತನೆ, ಶೂನ್ಯ ಇಂಗಾಲ. ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲು, ತೈಲ, ಅನಿಲವಲ್ಲದ ಮೂಲಗಳದೆಂದು 2025ರಲ್ಲಿ ಸರಕಾರ ಸಾರಿತು. ನಿಜವಾದ ಮಾತು, ಸಂತೋಷದ ಮಾತು. ಆದರೆ ಅದೇ ವರ್ಷ ಹುಟ್ಟಿದ ಯೂನಿಟ್ಟುಗಳಲ್ಲಿ ಕಲ್ಲಿದ್ದಲಿನ ಪಾಲು ಅರ್ಧಕ್ಕಿಂತ ಬಹಳ ಮೇಲಿತ್ತು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆಂದರೆ, ಒಂದು ಮೆಗಾವಾಟ್ ಸೌರಫಲಕ ದಿನಕ್ಕೆ ಐದು ಸಾವಿರ ಯೂನಿಟ್ಟಿನ ಅಂದಾಜು ಕೊಟ್ಟರೆ ಒಂದು ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಹದವಾಗಿ ಓಡಿದರೂ ಹದಿನೈದು ಸಾವಿರ ಕೊಡುತ್ತದೆ. ಮೆಗಾವಾಟು ಬೇರೆ, ಯೂನಿಟ್ಟು ಬೇರೆ. ಹೈಸ್ಕೂಲಿನ ಭೌತಶಾಸ್ತ್ರ ಇದು. ದಾಭೋಳದಲ್ಲಿ ಮುಗ್ಗರಿಸಿದ್ದು ಇಲ್ಲಿಯೇ; ಪರಿಚಯ ಪತ್ರಿಕೆಗಳಲ್ಲಿ ಇಂದಿಗೂ ಎದ್ದು ಕಾಣುವುದು ಮೆಗಾವಾಟೇ.

ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವನ್ನು ಮಾದರಿಯೆಂದು ತೋರಿಸುವುದು ವಾಡಿಕೆಯಾಗಿದೆ. 2,050 ಮೆಗಾವಾಟ್, ಐದು ಹಳ್ಳಿ, ಸುಮಾರು 13,000 ಎಕರೆ. ಇಲ್ಲಿ ಭೂಮಿಯನ್ನು ಕಸಿಯಲಿಲ್ಲ, ಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದು, ಕಾಲಕಾಲಕ್ಕೆ ಏರಿಸುವ ಮಾತಾಯಿತು. ಮಳೆ ಕಾಣದ ನೆಲದ ಒಡೆಯನಿಗೆ ಇದು ದಾಭೋಳಕ್ಕಿಂತ ಎಷ್ಟೋ ಮೇಲಾದ ಕರಾರು, ಒಪ್ಪಬೇಕು. ಹೊಲವಿಲ್ಲದೆ ಕೂಲಿಗೆ ಹೋಗುತ್ತಿದ್ದವನಿಗೆ, ಬೀಳುಬಿದ್ದ ನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನು ಬಂತು ಎಂದು ಕೇಳಿದರೆ ಗುತ್ತಿಗೆ ಪತ್ರದಲ್ಲಿ ಅವನ ಹೆಸರೇ ಇರುವುದಿಲ್ಲ. ಮಾರುವವನ ಹೆಸರು, ಕೊಳ್ಳುವವನ ಹೆಸರು, ಸಾಲ ಕೊಟ್ಟವನ ಹೆಸರು ಎಲ್ಲ ಇದ್ದು ಉಳಿದವರು ಇಲ್ಲದ ಕಾಗದವನ್ನು ನಾವು ಮೊದಲೂ ಕಂಡಿದ್ದೇವೆ.

ಕಲಿಸುವವರು ಇಲ್ಲವೆಂದಲ್ಲ. ಕೇಂದ್ರ ಸರಕಾರದ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಗೆ ಬೆಂಗಳೂರಿನಲ್ಲಿ ಹಾಟ್‌ಲೈನ್ ತರಬೇತಿ ಕೇಂದ್ರವಿದೆ. ಕರೆಂಟು ಹರಿಯುತ್ತಿರುವಾಗಲೇ ಹೈಟೆನ್ಷನ್ ತಂತಿಯ ಮೇಲೆ ಕೆಲಸ ಮಾಡುವುದನ್ನು ಅಲ್ಲಿ ಕಲಿಸುತ್ತಾರೆ. ಅಲ್ಲಿ ತಪ್ಪು ಮಾಡಿದವನೇ ತಪ್ಪಿನ ಬೆಲೆ ತೆರುತ್ತಾನೆ, ಆದ್ದರಿಂದ ಪಾಠ ನೆಟ್ಟಗಿರುತ್ತದೆ. ಮೇಲಧಿಕಾರಿ ತಪ್ಪು ಸಹಿ ಹಾಕಿದರೆ ಇಪ್ಪತ್ತು ವರ್ಷ ಬೆಲೆ ತೆರುವವರು ಬೇರೆ. ಸಹಿ ಹಾಕಿದವರು ಅಷ್ಟರಲ್ಲಿ ನಿವೃತ್ತರಾಗಿ ಅದೇ ತರಗತಿಯಲ್ಲಿ ಅತಿಥಿ ಉಪನ್ಯಾಸಕರಾಗಿರುತ್ತಾರೆ. (ಇದು ಕುಹಕವೆಂದು ಓದುಗರು ತಿಳಿದರೆ, ಯಾವುದಾದರೂ ಶಿಬಿರದ ಉಪನ್ಯಾಸಕರ ಪಟ್ಟಿ ತರಿಸಿ ನೋಡಬಹುದು.)

ಇಂಥ ಶಿಬಿರಗಳಲ್ಲಿ ಒಂದು ದಿನ ಕ್ಷೇತ್ರ ಭೇಟಿಯೆಂದು ಇರುತ್ತದೆ. ಸೌರ ಉದ್ಯಾನಕ್ಕಾದರೆ ಹಗಲಲ್ಲಿ ಹೋಗಿ, ಸಾಲುಸಾಲು ಫಲಕಗಳ ಮುಂದೆ ನಿಂತು, ಊಟ ಮುಗಿಸಿ ಬರುವುದು. ನಮ್ಮನ್ನು ಕೇಳಿದರೆ ಬಸ್ಸನ್ನು ಸಂಜೆ ಆರರ ಮೇಲೆ ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಕಳಿಸಬೇಕು. ಪಾವಗಡದ ಎರಡು ಸಾವಿರ ಮೆಗಾವಾಟ್ ಆ ಹೊತ್ತಿಗೆ ಸೊನ್ನೆಯಾಗುತ್ತಿರುತ್ತದೆ, ಮನೆಮನೆಯ ದೀಪ ಹತ್ತುತ್ತಿರುತ್ತದೆ. ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ನೆರೆರಾಜ್ಯದ ಸಾಲ ಯಾವುದನ್ನು ಎಷ್ಟು ಹೊತ್ತಿಗೆ ಯಾವ ಬೆಲೆಗೆ ಎಳೆಯಬೇಕೆಂದು ಅಲ್ಲಿ ಕುಳಿತವರು ನೋಡುತ್ತಿರುತ್ತಾರೆ. ಒಂದೆರಡು ಗಂಟೆ ಅವರ ಹಿಂದೆ ಸುಮ್ಮನೆ ನಿಂತು, ಮರುದಿನ ಬೆಳಿಗ್ಗೆ ಕುರಿ ಹೊರಡುವ ಹೊತ್ತಿಗೆ ಪಾವಗಡ ತಲುಪಿದರೆ ಭೇಟಿ ಪೂರ್ತಿಯಾದೀತು. ಬಸ್ಸಿನ ಖರ್ಚು ಹೆಚ್ಚಾಗುತ್ತದೆಂದು ಲೆಕ್ಕ ವಿಭಾಗ ಆಕ್ಷೇಪಿಸಬಹುದು. ಅದಕ್ಕೆ ಉತ್ತರವಾಗಿ ದಾಭೋಳದ ಕಡತವನ್ನು ಲಗತ್ತಿಸಬಹುದು.