ರಟ್ಟಿನ ಮಂಜರಾಬಾದ್

ಆಷಾಢ ಹಿಡಿಯಿತೆಂದರೆ ಸಕಲೇಶಪುರ, ಆಲೂರು ಕಡೆ ಶಾಲೆಗೆ ಮಳೆ ರಜೆ. ಹಳ್ಳ ತುಂಬಿರುವಾಗ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ, ಕರೆಂಟನ್ನು ನಂಬುವ ಹಾಗಿಲ್ಲ. ಅಂಥ ದಿನಕ್ಕೆ ನನ್ನ ಶಿಫಾರಸು ಹಳೇ ನೋಟ್‌ಬುಕ್ಕಿನ ರಟ್ಟು, ಕತ್ತರಿ, ಮೈದಾ ಅಂಟು. ಕಟ್ಟಬೇಕಾದದ್ದು ಮಂಜರಾಬಾದ್ ಕೋಟೆ.

ಸಕಲೇಶಪುರ ದಾಟಿ ಮಂಗಳೂರು ರಸ್ತೆ ಹಿಡಿದರೆ ಗುಡ್ಡದ ನೆತ್ತಿಯ ಮೇಲೆ ಸಿಗುವ ಈ ಕೋಟೆಯನ್ನು ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ. ಎಂಟು ಮೂಲೆಯ ನಕ್ಷತ್ರ. ಆಟಿಕೆಯ ರುಚಿ ಶುರುವಾಗುವುದೇ ಈ ಎಂಟರಲ್ಲಿ.

ದುಂಡಗಿನ ಕಾಗದವನ್ನು ಮಡಚಿ, ಓರೆಯಾಗಿ ಕತ್ತರಿಸಿ ಬಿಡಿಸಿದರೆ ನಕ್ಷತ್ರ. ಮೂರು ಸಲ ಮಡಚಿದರೆ ಎಂಟು ಪಾಲು, ಅಷ್ಟು ಸಾಕು ಅನ್ನಿಸುವುದು ಸಹಜ. ಬಿಡಿಸಿ ನೋಡಿದರೆ ನಾಲ್ಕೇ ಮೂಲೆ! ಮಡಿಕೆಯ ಒಂದು ಗೆರೆ ಹೊರಕ್ಕೆ ಚಾಚಿದರೆ ಪಕ್ಕದ ಗೆರೆ ಒಳಕ್ಕೆ ಸರಿಯುತ್ತದೆ. ಎಂಟರಲ್ಲಿ ಅರ್ಧ ಸಂದಿಗೇ ಹೋಯಿತು. ಇನ್ನೊಂದು ಸಲ ಮಡಚಬೇಕು. ಆಗ ಹದಿನಾರು ಪಾಲು, ತಲಾ 22.5 ಡಿಗ್ರಿ. ಗೋಡೆಗೆ ರಟ್ಟಿನ ಪಟ್ಟಿ ಎಷ್ಟುದ್ದ ಬೇಕು? ಒಂದು ಮಗ್ಗುಲು 6 ಸೆಂಟಿಮೀಟರ್ ಇದ್ದರೆ 96, ಅಂಟಿಸಲು ಒಂದಿಷ್ಟು ಹೆಚ್ಚು. ಆ ಹೆಚ್ಚನ್ನು ಮರೆತವರಿಗೆ ಗೋಡೆ ಕೂಡುವುದಿಲ್ಲ. ತಪ್ಪು ಹಿಡಿಯಲು ಮೇಷ್ಟ್ರೇ ಬೇಕಿಲ್ಲ.

ಪಕ್ಕದಲ್ಲೊಂದು ಚೌಕಾಕಾರದ ಕೋಟೆಯನ್ನೂ ಮಾಡಿಸಿ. ಎರಡರ ಗೋಡೆ ಬುಡಕ್ಕೂ ಒಂದೊಂದು ಕಾಫಿ ಬೀಜ ಇಡಿ, ಅದು ಶತ್ರು. ಗೋಡೆಯ ಮೇಲಿಂದ ಬೀಜಕ್ಕೆ ದಾರ ಎಳೆಯಲಿ. ಚೌಕದಲ್ಲಿ ಗೋಡೆಗೆ ಅವುಚಿ ನಿಂತವನನ್ನು ನೋಡಬೇಕಾದರೆ ನೇರ ಮೇಲಿರುವ ಸಿಪಾಯಿ ಹೊರಗೆ ಬಗ್ಗಲೇಬೇಕು, ಬಗ್ಗಿದರೆ ಗುಂಡಿಗೆ ಸಿಕ್ಕಿಬೀಳುತ್ತಾನೆ. ನಕ್ಷತ್ರದಲ್ಲಿ ಎದುರು ಮಗ್ಗುಲಿನಿಂದ ದಾರ ತಡೆಯಿಲ್ಲದೆ ಬುಡ ಮುಟ್ಟುತ್ತದೆ. ಫಿರಂಗಿ ಕಾಲದ ಯುರೋಪಿನ ಕೋಟೆವಿದ್ಯೆ ನಮ್ಮ ಗುಡ್ಡ ಹತ್ತಿದ್ದು ಇದಕ್ಕೇ. ಇದೇ ಗುಡ್ಡ ಯಾಕೆ ಎಂಬುದಕ್ಕೆ ನಕಾಶೆ ತೆಗೆಯಿರಿ: ಘಟ್ಟ ಇಳಿದು ಮಂಗಳೂರಿಗೆ ಹೋಗುವ ದಾರಿ ಕೆಳಗೇ ಇದೆ. ಗಣಿತದ ಪೀರಿಯಡ್ಡು ಮುಗಿದು ಚರಿತ್ರೆ, ಭೂಗೋಳ ಶುರುವಾದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಅಂಗಡಿಯ ಕಿಟ್‌ಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ತಪ್ಪದಂತೆ ಮೊದಲೇ ಕೊರೆದಿಟ್ಟ ತುಂಡುಗಳಲ್ಲಿ ಆ ನಾಲ್ಕು ಮೂಲೆಯ ಪೆಚ್ಚು ಸಿಗುವುದಿಲ್ಲ. ಬಿಸಾಡುವ ಸಾಮಾನಿನಲ್ಲೇ ಆಟಿಕೆ ಮಾಡಿಸಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳನ್ನು ಮಕ್ಕಳು ಬಿಚ್ಚಿ, ಮುರಿದು, ಮತ್ತೆ ಕಟ್ಟಬಹುದು.

ಕೊನೆಗೆ ಕನ್ನಡದ ಪಾಠ. ಕಟ್ಟಿದ ವಿಧಾನವನ್ನು ಮಗು ಒಂದು ಪುಟದಲ್ಲಿ ಬರೆಯಲಿ. ಚಿತ್ರ ಬೇಡ, ಬಾಯಿಮಾತಿನ ವಿವರಣೆಯೂ ಬೇಡ. ಆ ಪುಟವನ್ನು ಪಕ್ಕದ ಮನೆಯ ಮಗುವಿಗೆ ಕೊಡಿ. ಅಲ್ಲಿ ಕೋಟೆ ಎಲ್ಲಿ ಸೊಟ್ಟಗಾಯಿತೋ, ಇಲ್ಲಿ ಆ ವಾಕ್ಯವನ್ನು ತಿದ್ದಬೇಕು.