ಗಂಟೆ ಲೆಕ್ಕದ ಸೇವೆ

ಬೆಂಗಳೂರಿನ ದೊಡ್ಡ ಕಂಪನಿಗಳ ವಾರ್ಷಿಕ ವರದಿ ತೆರೆದರೆ ಲಾಭ-ನಷ್ಟದ ಪುಟಗಳಿಗಿಂತ ಮೊದಲೇ ಒಂದು ಫೋಟೊ ಎದುರಾಗುತ್ತದೆ. ಒಂದೇ ಬಣ್ಣದ ಟೀ ಶರ್ಟು ತೊಟ್ಟ ಉದ್ಯೋಗಿಗಳು ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿರುತ್ತಾರೆ. ಪಕ್ಕದಲ್ಲೇ ಆ ವರ್ಷದ ಸ್ವಯಂಸೇವೆಯ ಒಟ್ಟು ಗಂಟೆಗಳ ಸಂಖ್ಯೆ. ಈ ಫೋಟೊಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು. ಅದೇ ಕಂಪನಿಗಳಲ್ಲಿ ಎಷ್ಟೋ ಜನರ ಸಂಬಳದಿಂದ ತಿಂಗಳು ತಿಂಗಳು ಸದ್ದಿಲ್ಲದೆ ದಾನಕ್ಕೆ ಕಡಿತವಾಗುವ ಇನ್ನೂರು ಮುನ್ನೂರು ರೂಪಾಯಿಗೆ ಮಾತ್ರ ವರದಿಯಲ್ಲಿ ಮೂಲೆಯೂ ಸಿಗುವುದು ಕಷ್ಟ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕೆಂಬ ಲೆಕ್ಕ ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಚರ್ಚೆಯಾಗದಿರುವುದು ಕಂಪನಿ ವ್ಯವಹಾರಗಳ ಸಚಿವಾಲಯ ಮನಸ್ಸು ಬದಲಿಸಿದ ಕತೆ. ಉದ್ಯೋಗಿ ಸಿಎಸ್‌ಆರ್ ಕೆಲಸಕ್ಕೆ ಕೊಟ್ಟ ಸಮಯದ ಸಂಬಳವನ್ನು ಯೋಜನೆಯ ಖರ್ಚಿಗೆ ಸೇರಿಸಬಹುದೆಂದು 2014ರ ಜೂನ್ ಸುತ್ತೋಲೆ ಹೇಳಿತ್ತು. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಗಳು ಸಿಎಸ್‌ಆರ್ ಆಗವು ಎಂದದ್ದೂ ಅದೇ ಸುತ್ತೋಲೆ. 2016ರ ಜನವರಿಯಲ್ಲಿ ಸಚಿವಾಲಯ ಇನ್ನೊಂದು ಸ್ಪಷ್ಟೀಕರಣ ಕೊಟ್ಟಿತು: ಉದ್ಯೋಗಿಗಳು ತೊಡಗಿಕೊಳ್ಳಲಿ, ಒಳ್ಳೆಯದು, ಆದರೆ ಅವರ ಶ್ರಮಕ್ಕೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚಿನಲ್ಲಿ ತೋರಿಸುವಂತಿಲ್ಲ. ಹೀಗೆ ರೂಪಾಯಿಯ ಕಾಲಂ ಮುಚ್ಚಿತು. ಗಂಟೆಯ ಕಾಲಂಗೆ ಲಗಾಮು ಹಾಕುವವರು ಯಾರೂ ಇಲ್ಲ.

ಇನ್ನೂರು ಜನ ನಾಲ್ಕು ಗಂಟೆ ಬಂದು ಹೋದರೆ ವರದಿಗೆ ಎಂಟುನೂರು ಗಂಟೆ ಸಿಗುತ್ತದೆ. ಔಟರ್ ರಿಂಗ್ ರೋಡಿನಲ್ಲಿ ಬಸ್ಸು ನಿಂತ ಹೊತ್ತು, ತಿಂಡಿಯ ಹೊತ್ತು, ಗುಂಪು ಫೋಟೊದ ಹೊತ್ತು ಯಾವುದೂ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಕೊಟ್ಟವರು ಎಷ್ಟು ಹೊತ್ತು ಇದ್ದರೆಂಬುದನ್ನು ಈ ಅಳತೆ ಹೇಳುತ್ತದೆ. ಪಡೆದವರಿಗೆ ಏನು ದಕ್ಕಿತೆಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಫೋಟೊದ ಆ ಶಾಲೆಯ ಗೋಡೆಯನ್ನೇ ಹತ್ತಿರದಿಂದ ನೋಡೋಣ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯವಿಡೀ ಹಬ್ಬಿದ ನಲಿ-ಕಲಿ ಬೋಧನಾ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅಲ್ಲಿ ಗೋಡೆಯೂ ಒಂದು ಪಾಠ ಸಾಮಗ್ರಿ. ನೆಲದಿಂದ ಮಗುವಿನ ಕೈ ಎಟುಕುವಷ್ಟು ಎತ್ತರದವರೆಗೆ ಕಪ್ಪು ಹಲಗೆ, ಅದರಲ್ಲಿ ಪ್ರತಿ ಮಗುವಿಗೂ ತನ್ನದೆಂಬ ಜಾಗ. ಅದರ ಮೇಲೆ ಕಲಿಕೆಯ ಹಂತ ತೋರಿಸುವ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ. ಇಂಥ ಕೋಣೆಗೆ ಬ್ರಷ್ಷು ಹಿಡಿದು ಬರುವವರು ಮೊದಲು ಕೇಳಬೇಕಾದದ್ದು ಆ ಕಪ್ಪು ಪಟ್ಟಿಗೆ ಮತ್ತೆ ಬಣ್ಣ ಬೇಕೇ, ಏಣಿ ಮಾಸಿದೆಯೇ ಎಂದು. ಅದನ್ನು ಟೀಚರಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ. ಆದರೆ ಫೋಟೊದಲ್ಲಿ ಚೆನ್ನಾಗಿ ಬರುವುದು ಹೊರಗೋಡೆಯ ರೈಲುಡಬ್ಬಿ, ಚಿಟ್ಟೆ, ಇಂಗ್ಲಿಷ್ ಅಕ್ಷರಮಾಲೆ. ಅದನ್ನೂ ಒಬ್ಬ ವೃತ್ತಿಪರ ಪೇಂಟರ್ ಇನ್ನೂ ನೆಟ್ಟಗೆ ಬಳಿಯುತ್ತಾನೆ, ಇಂಜಿನಿಯರ್ ಒಬ್ಬರ ದಿನದ ಸಂಬಳಕ್ಕಿಂತ ಎಷ್ಟೋ ಕಡಿಮೆ ಕೂಲಿಗೆ.

ಹೊತ್ತಿನ ಆಯ್ಕೆಯೂ ವಿಚಿತ್ರ. ಇಂಥ ಸೇವೆಗೆ ಕಂಪನಿಗಳು ನೆಚ್ಚುವ, 2009ರಲ್ಲಿ ಆರಂಭವಾದ ದಾನ ಉತ್ಸವ ಎಂಬ ಸಪ್ತಾಹ ಅಕ್ಟೋಬರ್ 2ರಿಂದ 8ರವರೆಗೆ ನಡೆಯುತ್ತದೆ. ಕರ್ನಾಟಕದ ಶಾಲೆಗಳಿಗೆ ದಸರಾ ರಜೆ ಬರುವುದೂ ಹೆಚ್ಚಾಗಿ ಅಕ್ಟೋಬರಿನಲ್ಲೇ. ಬಣ್ಣ ಬಳಿಯಲು ಇದು ಅನುಕೂಲ ನಿಜ. ಮಕ್ಕಳ ಜೊತೆ ಬೆರೆತೆವು ಎಂಬ ಶೀರ್ಷಿಕೆಗೆ ಮಾತ್ರ ಅಷ್ಟು ಅನುಕೂಲವಲ್ಲ.

ಇಷ್ಟು ಹೇಳಿದ ಕೂಡಲೇ ಎರಡು ಕಡೆಯ ವಿಮರ್ಶಕರು ಎದ್ದು ನಿಲ್ಲುತ್ತಾರೆ. ಇದೆಲ್ಲ ತೆರಿಗೆ ಉಳಿಸುವ ಆಟ ಎನ್ನುವವರು ಮೊದಲನೆಯವರು. ಅವರು ಕಾನೂನು ಓದಿಲ್ಲ. ಕಾಯ್ದೆಬದ್ಧ ಸಿಎಸ್‌ಆರ್ ವೆಚ್ಚವನ್ನು ವ್ಯಾಪಾರದ ಖರ್ಚೆಂದು ಕಳೆಯಲು ಬಿಡದ ತಿದ್ದುಪಡಿ 2014ರಲ್ಲೇ ಆದಾಯ ತೆರಿಗೆ ಕಾಯ್ದೆಗೆ ಬಂದಿದೆ. ಸೋಮಾರಿತನದ ಈ ಟೀಕೆ ಕಂಪನಿಗಳಿಗೆ ಉಪಕಾರವನ್ನೇ ಮಾಡಿದೆ. ಸುಲಭವಾಗಿ ಅಲ್ಲಗಳೆಯಬಹುದಾದ ಆರೋಪ ಎದುರಿಗಿರುವಾಗ ಕಷ್ಟದ ಪ್ರಶ್ನೆಗೆ ಉತ್ತರ ಕೊಡುವ ಗೋಜೇ ಇರುವುದಿಲ್ಲ.

ಎರಡನೆಯವರು ಹೆಚ್ಚು ನಯಸ್ಥರು. ಶಾಲೆಗೆ ಸಿಕ್ಕಿದ್ದು ಕಡಿಮೆ ಇರಬಹುದು, ಉದ್ಯೋಗಿಯ ಮನಸ್ಸು ಅರಳುತ್ತದಲ್ಲ, ತಂಡ ಗಟ್ಟಿಯಾಗುತ್ತದಲ್ಲ ಎನ್ನುತ್ತಾರೆ ಎಚ್‌ಆರ್ ಪಂಡಿತರು. ಅರಳಲಿ. ಹಾಗಾದರೆ ಅದನ್ನು ಉದ್ಯೋಗಿ ತರಬೇತಿಯ ತಲೆಬರಹದಡಿ ಬರೆಯಬೇಕು, ಶಾಲೆಯ ಅಂಗಳವನ್ನು ಬಳಸಿಕೊಂಡದ್ದಕ್ಕೆ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಗೆ ಬಾಡಿಗೆಯನ್ನೂ ಕೊಡಬೇಕು. ಉಪಕಾರ ಪಡೆದವರನ್ನೇ ಉಪಕಾರಿಗಳೆಂದು ಹಾಡಿಹೊಗಳುವ ಈ ವಾದಕ್ಕೆ ಇಷ್ಟು ಸೆಮಿನಾರುಗಳಲ್ಲಿ ಚಪ್ಪಾಳೆ ಬೀಳುವುದು ಆಶ್ಚರ್ಯ.

ಒಳ್ಳೆಯ ಉದಾಹರಣೆಗಳೂ ಇವೆ ಎನ್ನದಿದ್ದರೆ ಅನ್ಯಾಯ. 2017ರಲ್ಲಿ ಆನೇಕಲ್ ಕಡೆಯ 36 ಎಕರೆಯ ಕ್ಯಾಲಸನಹಳ್ಳಿ ಕೆರೆ ಮತ್ತೆ ನೀರು ಹಿಡಿದದ್ದು ಸನ್ಸೇರಾ ಕಂಪನಿಯ ಉದ್ಯೋಗಿಯಾಗಿದ್ದ ಆನಂದ್ ಮಲ್ಲಿಗವಾಡ್ ಹಟ ಹಿಡಿದದ್ದರಿಂದ. ಆದರೆ ಅಲ್ಲಿ ಹೂಳೆತ್ತಿದ್ದು ಕೈಗವಸು ತೊಟ್ಟ ಶನಿವಾರದ ಗುಂಪಲ್ಲ, ಹಿಟಾಚಿಗಳು. ಅವಕ್ಕೆ ಬಾಡಿಗೆ ಕೊಟ್ಟದ್ದು ಕಂಪನಿಯ ದುಡ್ಡು. ಒಬ್ಬ ಉದ್ಯೋಗಿ ಕೆರೆಗಳ ವಿದ್ಯೆ ಕಲಿತು, ಊರವರನ್ನು ಒಪ್ಪಿಸಿದ್ದನ್ನು ಯಾವ ಗಂಟೆಯ ಕಾಲಂ ಹಿಡಿದಿಟ್ಟೀತು?

ಇನ್ನು ಕಡೆಗಣಿಸಲಾದ ದಾನ. ಗಿವ್‌ಇಂಡಿಯಾ ಸಂಸ್ಥೆ ಸಂಬಳದ ಮೂಲಕ ಕೊಡುವ ಪದ್ಧತಿಯನ್ನು ಎಷ್ಟೋ ವರ್ಷಗಳಿಂದ ಕಂಪನಿಗಳಿಗೆ ಒಯ್ಯುತ್ತಿದೆ; ಉದ್ಯೋಗಿ ಕೊಟ್ಟಷ್ಟನ್ನೇ ಕಂಪನಿಯೂ ಸೇರಿಸುವ ಏರ್ಪಾಡು ವಿಪ್ರೊ ಕಂಪನಿಯ ಸೇವಾ ಘಟಕ ವಿಪ್ರೊ ಕೇರ್ಸ್‌ನಲ್ಲಿದೆ. ಮೇಲಿನ ಇನ್ನೂರು ಜನ ತಲಾ 300 ರೂಪಾಯಿ ಬಿಟ್ಟುಕೊಟ್ಟರೆ ತಿಂಗಳಿಗೆ 60,000. ಸರ್ಕಾರ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ 2024-25ನೇ ಸಾಲಿನವರೆಗೆ ಕೊಡುತ್ತಿದ್ದ ಗೌರವಧನ ತಿಂಗಳಿಗೆ 10,000. ಆ ಲೆಕ್ಕದಲ್ಲಿ ಆರು ಜನ ಶಿಕ್ಷಕರ ಅಥವಾ ಹಲವು ಶಾಲೆಗಳ ಶೌಚಾಲಯ ತೊಳೆಯುವವರ ಸಂಬಳ ಅಷ್ಟರಲ್ಲಿ ಹೊರಡುತ್ತದೆ, ಅದೂ ತಿಂಗಳು ತಪ್ಪದೆ. ಹೊಸ ತೆರಿಗೆ ಪದ್ಧತಿಯಲ್ಲಿ ಉದ್ಯೋಗಿಗೆ ದಾನದ ಮೇಲಿನ ತೆರಿಗೆ ರಿಯಾಯಿತಿಯೂ ಸಿಗದಿರುವಾಗ, ಕಂಪನಿ ತನ್ನ ಪಾಲು ಸೇರಿಸುವುದೊಂದೇ ಅವರಿಗೆ ಉಳಿದಿರುವ ಪ್ರೋತ್ಸಾಹ.

ಮುಂದಿನ ವರ್ಷದ ವರದಿಯಲ್ಲಿ ಕಂಪನಿಗಳು ಗಂಟೆಗಳ ಸಂಖ್ಯೆಯನ್ನು ಕೈಬಿಡಲಿ. ಎಷ್ಟು ಜನ ಸಂಬಳದಿಂದ ಕೊಡುತ್ತಿದ್ದಾರೆ, ಕಂಪನಿ ಎಷ್ಟು ಸೇರಿಸಿತು, ಯಾವ ಶಾಲೆಯ ಜೊತೆ ಎಷ್ಟು ವರ್ಷದಿಂದ ಇದೆ, ಆ ಶಾಲೆಯ ಮುಖ್ಯೋಪಾಧ್ಯಾಯರು ಕೇಳಿದ್ದೇನು ಎಂಬುದನ್ನು ಆ ಜಾಗದಲ್ಲಿ ಅಚ್ಚು ಹಾಕಲಿ.